ಎಷ್ಟು ಆಳಕ್ಕೆ ಹೋಗಿದೆ?

ಎಂಡೋಸ್ಕೋಪಿ ರೂಮಿನಿಂದ ಲ್ಯಾಬಿಗೆ ಬರುವ ಪುಟ್ಟ ಬಾಟಲಿಯಲ್ಲಿ ಮೊದಲ ನೋಟಕ್ಕೆ ಏನೂ ಕಾಣುವುದಿಲ್ಲ. ಬೆಳಕಿಗೆ ಹಿಡಿದು ಅಲ್ಲಾಡಿಸಿದರೆ ತಳದಲ್ಲಿ ಎರಡೋ ಮೂರೋ ಬಿಳಿಚಿದ ಚೂರುಗಳು ಕದಲುತ್ತವೆ. ಒಂದೊಂದೂ 2-3 ಮಿಲಿಮೀಟರ್. ಜಠರದಿಂದಲೋ ಕರುಳಿನಿಂದಲೋ ಇಕ್ಕಳದಲ್ಲಿ ಕಿತ್ತು ತಂದ ಆ ಚೂರನ್ನು ಮೇಣದಲ್ಲಿ ಕೂರಿಸುವಾಗ ಅದು ಅಂಚಿನ ಮೇಲೆ ನೆಟ್ಟಗೆ ನಿಲ್ಲಬೇಕು. ಮಲಗಿಬಿಟ್ಟರೆ ಕೆಟ್ಟಿತು. ಬ್ಲೇಡು ಮೇಲ್ಪೊರೆಯನ್ನಷ್ಟೇ ಹೆರೆದುಕೊಂಡು ಹೋಗುತ್ತದೆ. ಅದರ ಕೆಳಗೇನಿದೆ, ಅದಕ್ಕೂ ಕೆಳಗೆ ಇನ್ನೇನಿದೆ ಎಂಬುದು ಸ್ಲೈಡಿಗೆ ಬರುವುದೇ ಇಲ್ಲ. ಪೆಥಾಲಜಿಸ್ಟ್ ಮೈಕ್ರೋಸ್ಕೋಪಿನಿಂದ ತಲೆ ಎತ್ತಿ "ಇದನ್ನ ತಿರುಗಿಸಿ ಕೂರಿಸಮ್ಮ" ಅಂದರೆ ಮೇಣ ಕರಗಿಸಿ ಮತ್ತೆ ಮೊದಲಿಂದ ಶುರು.

ನನ್ನ ದುಡಿಮೆಯ ಕಾಲವೆಲ್ಲ ಹೀಗೆ ಚೂರು ನಿಲ್ಲಿಸುವುದರಲ್ಲೇ ಕಳೆಯಿತು. ಹಿಸ್ಟೋಪೆಥಾಲಜಿ ಲ್ಯಾಬಿನ ಟೆಕ್ನಿಷಿಯನ್ ನಾನು. ಡಾಕ್ಟರಲ್ಲ. ಈಗ ನಿವೃತ್ತಿಯಾಗಿ ಹೊಸಕೆರೆಹಳ್ಳಿಯ ಮನೆಯಲ್ಲಿದ್ದೇನೆ. ಸೊಸೆಯಾಗಿ ಬಂದ ಕಾಲಕ್ಕೆ ಇಲ್ಲಿ ಕೆರೆಯಲ್ಲಿ ನೀರಿತ್ತು, ಬಯಲಲ್ಲಿ ರಾಗಿ ಇತ್ತು, ಕತ್ರಿಗುಪ್ಪೆಗೆ ನಡೆದೇ ಹೋಗುತ್ತಿದ್ದೆವು. ಈಗ ರಿಂಗ್ ರೋಡು, ಎಂಜಿನಿಯರಿಂಗ್ ಕಾಲೇಜು, ಅಪಾರ್ಟ್‌ಮೆಂಟು. ಬೀದಿಯಲ್ಲಿ ದೊಡ್ಡವರಿಗೆ ನಾನು ಅಕ್ಕ, ಚಿಕ್ಕವರಿಗೆ ಲ್ಯಾಬ್ ಆಂಟಿ. ಯಾರ ಮನೆಯಲ್ಲಿ ಬಯಾಪ್ಸಿ ಆದರೂ ರಿಪೋರ್ಟು ಒಮ್ಮೆ ನಮ್ಮ ಜಗಲಿಗೆ ಬಂದು ಹೋಗುತ್ತದೆ. "ಅಕ್ಕ, ಏನೇನೋ ಬರ್ದವ್ರೆ. ಕ್ಯಾನ್ಸರ್ ಇಲ್ಲ ಅಲ್ವಾ?" ಎಲ್ಲರದ್ದೂ ಇದೊಂದೇ ಪ್ರಶ್ನೆ. ಕಾಯಿಲೆಯ ಮಾತು ಡಾಕ್ಟರ್ ಹತ್ತಿರವೇ ಕೇಳಿ ಅಂತ ನಾನು ಹೇಳುತ್ತೇನೆ. ಆದರೆ ಹಾಳೆ ಕೈಗೆ ಬಂದ ಕೂಡಲೇ ನನ್ನ ಕಣ್ಣು ಹುಡುಕುವುದು ಬೇರೆಯದನ್ನು. ಲ್ಯಾಮಿನಾ ಪ್ರೊಪ್ರಿಯಾ, ಮಸ್ಕ್ಯುಲಾರಿಸ್ ಮ್ಯೂಕೋಸಾ, ಸಬ್‌ಮ್ಯೂಕೋಸಾ ಎಂದು ಬರೆದಿರುತ್ತಾರಲ್ಲ, ಜನ ಹಾರಿಸಿ ಓದುವ ಪದಗಳು, ಅವುಗಳ ಕಡೆಗೆ. ಕಾಯಿಲೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ಹೇಳುವುದು ಅವೇ. ಹೊಟ್ಟೆಯ ಕಾಯಿಲೆಗಳಲ್ಲಿ ಏನು ಎಂಬ ಪ್ರಶ್ನೆಯಷ್ಟೇ, ಎಷ್ಟೋ ಸಲ ಅದಕ್ಕಿಂತ ಹೆಚ್ಚಾಗಿ, ಎಷ್ಟು ಆಳ ಎಂಬುದೇ ಮುಂದಿನದನ್ನೆಲ್ಲ ತೀರ್ಮಾನಿಸುತ್ತದೆ.

ಈ ಪದರಗಳನ್ನು ನೋಡಲು ಮೈಕ್ರೋಸ್ಕೋಪು ಬೇಕೇ ಬೇಕೆಂದಿಲ್ಲ. ನಾನು ಮೊದಲು ಕಂಡದ್ದು ಅಡುಗೆಮನೆಯ ಹಿಂದಿನ ಒಗೆಯೋ ಕಲ್ಲಿನ ಮೇಲೆ. ನಮ್ಮದು ಬಾಡೂಟದ ಮನೆ. ಯುಗಾದಿಯ ಮರುದಿನ ಹೊಸತೊಡಕು. ಆವತ್ತು ಮೈಸೂರು ರಸ್ತೆಯ ಮಟನ್ ಅಂಗಡಿಗಳ ಮುಂದೆ ಬೆಳಗಾಗುವ ಮೊದಲೇ ಸಾಲು ನಿಲ್ಲುತ್ತದೆ. ಆಗೆಲ್ಲ ಊರವರೇ ಚೀಟಿ ಹಾಕಿ ಕುರಿ ಕೊಯ್ದು ಗುಡ್ಡೆ ಬಾಡು ಹಾಕುತ್ತಿದ್ದರು. ಪ್ರತಿ ಗುಡ್ಡೆಗೂ ಒಂದಿಷ್ಟು ಬೋಟಿ ಬರಬೇಕು, ಇಲ್ಲದಿದ್ದರೆ ಜಗಳ. ಅದನ್ನು ಚೊಕ್ಕ ಮಾಡುವ ಕೆಲಸ ನಮ್ಮತ್ತೆಯದು. ಕರುಳನ್ನು ಉದ್ದಕ್ಕೆ ಸೀಳಿ ತೊಳೆದು, ಸುಣ್ಣ ಹಚ್ಚಿ, ಬಿಸಿನೀರಲ್ಲಿ ಅದ್ದಿ, ಚಾಕುವಿನ ಬೆನ್ನಿನಿಂದ ಹೆರೆಯುತ್ತಿದ್ದರು. "ಒಳಗಿನ ಪೊರೆ ಪೂರಾ ಹೋಗ್ಬೇಕು ಕಣಮ್ಮ, ಇಲ್ಲಾಂದ್ರೆ ಗೊಜ್ಜು ವಾಸನೆ ಹೊಡೀತದೆ."

ಅತ್ತೆ ಹೆರೆದು ಚೆಲ್ಲುತ್ತಿದ್ದ ಆ ಮೆತ್ತನೆಯ ಪೊರೆಯೇ ಮ್ಯೂಕೋಸಾ, ಕನ್ನಡದಲ್ಲಿ ಲೋಳೆಪೊರೆ. ಹೆರೆದಾದ ಮೇಲೆ ಕೈಯಲ್ಲಿ ಉಳಿಯುವ, ಎಳೆದರೂ ಹರಿಯದ ಬಿಳಿ ಪದರ ಸಬ್‌ಮ್ಯೂಕೋಸಾ. ಅದರ ಹೊರಗೆ ಅಂಟಿಕೊಂಡು ಬೆಂದ ಮೇಲೆ ಅಗಿಯಲು ಸಿಗುವುದು ಸ್ನಾಯು. ಎಲ್ಲಕ್ಕೂ ಹೊರಗೆ ಜಾರುವ, ಹೊಳೆಯುವ, ಎಣ್ಣೆಕಾಗದಕ್ಕಿಂತ ತೆಳುವಾದ ಹೊದಿಕೆ ಸಿರೋಸಾ. ಕುರಿಯಾಗಲಿ ಮನುಷ್ಯನಾಗಲಿ, ಈ ನಾಲ್ಕು ಪದರಗಳ ಕ್ರಮದಲ್ಲಿ ವ್ಯತ್ಯಾಸವಿಲ್ಲ. ಕುರಿಯ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿವೆ ಎಂಬುದು ನಿಜ. ಆದರೆ ಮೊದಲ ಮೂರು ಹುಲ್ಲನ್ನು ನೆನೆಸಿ ಕೊಳೆಸುವ, ಆಸಿಡ್ ಸುರಿಸದ ಕೋಣೆಗಳು. ನಮ್ಮ ಜಠರಕ್ಕೆ ಸಾಟಿಯಾಗುವುದು ನಾಲ್ಕನೆಯದೊಂದೇ.

ಆ ಬಿಳಿಯ ಗಟ್ಟಿ ಪದರದ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಹೆರಿಗೆ ವಾರ್ಡಿನಲ್ಲಿ ಹೊಲಿಗೆಗೆ ಬಳಸುತ್ತಿದ್ದ, ತಾನಾಗಿಯೇ ಕರಗುವ ಕ್ಯಾಟ್‌ಗಟ್ ದಾರ ಮುಖ್ಯವಾಗಿ ಕುರಿಯ ಸಣ್ಣಕರುಳಿನ ಸಬ್‌ಮ್ಯೂಕೋಸಾದಿಂದಲೇ ತಯಾರಾಗುತ್ತಿತ್ತು. ನಮ್ಮ ಅಜ್ಜಿಯರ, ಅಮ್ಮಂದಿರ ಮೈಯನ್ನು ಕೂಡಿಸಿದ್ದು ಬೋಟಿಯ ಎಳೆ. ಕರುಳು ಕತ್ತರಿಸಿ ಜೋಡಿಸುವ ಸರ್ಜನ್ನರೂ ಸೂಜಿ ಆ ಪದರವನ್ನು ಹಿಡಿದಿದೆಯೇ ಎಂದು ನೋಡುತ್ತಾರೆ. ಕರುಳಿನ ಬಲವೆಲ್ಲ ಸಬ್‌ಮ್ಯೂಕೋಸಾದಲ್ಲಿದೆ, ಹೊಲಿಗೆ ನಿಲ್ಲುವುದು ಅಲ್ಲಿಯೇ ಎಂದು ಅಮೆರಿಕದ ವಿಲಿಯಂ ಹಾಲ್ಸ್ಟೆಡ್ ನಾಯಿಗಳ ಮೇಲೆ ಪ್ರಯೋಗ ಮಾಡಿ 1887ರಲ್ಲಿ ಬರೆದರು. ಬೋಟಿ ಹೆರೆಯುವ ಯಾವ ಹೆಂಗಸಿಗೂ ಇದು ಹೊಸ ಸುದ್ದಿಯಲ್ಲ. ಅವರನ್ನು ಯಾರೂ ಕೇಳಲಿಲ್ಲ ಅಷ್ಟೆ.

ಲ್ಯಾಬಿನಲ್ಲಿ ಈ ಪದರಗಳು ಕಣ್ಣಿಗೆ ಬೀಳಬೇಕಾದರೆ ಮೊದಲು ಕೊಳೆಯುವುದು ನಿಲ್ಲಬೇಕು. ಹೊಟ್ಟೆಯ ಲೋಳೆಪೊರೆಗೆ ರಕ್ತ ನಿಂತರೆ ಸಾಕು, ತನ್ನ ರಸಕ್ಕೆ ತಾನೇ ಕರಗಲು ತೊಡಗುತ್ತದೆ. ಸತ್ತವರ ಕರುಳನ್ನು ಕೊಯ್ದು ನೋಡಿ ಕಾಯಿಲೆ ತಿಳಿಯಲು ಹೊರಟ ಹಳೆಯ ವೈದ್ಯರಿಗೆ ಎಷ್ಟೋ ಸಲ ಸಿಕ್ಕಿದ್ದು ಕಾಯಿಲೆಯ ಗುರುತಲ್ಲ, ಈ ಕರಗುವಿಕೆಯ ಗುರುತು. ಅದಕ್ಕೇ ಕಿತ್ತ ಚೂರು ಕೂಡಲೇ ಫಾರ್ಮಲಿನ್‌ಗೆ ಬೀಳಬೇಕು. 1893ರಲ್ಲಿ ಜರ್ಮನಿಯ ಫರ್ಡಿನಾಂಡ್ ಬ್ಲುಮ್ ತೋರಿಸಿಕೊಟ್ಟ ಆ ಕಟುವಾಸನೆಯ ದ್ರವ ಇಂದಿಗೂ ಪ್ರತಿ ಆಸ್ಪತ್ರೆಯಲ್ಲಿದೆ. ಮನೆಗೆ ಬಂದು ಸೀರೆ ಬದಲಾಯಿಸಿದರೂ ಮೂಗಿನಲ್ಲಿ ಅದೇ. ಆಮೇಲೆ ರಾತ್ರಿಯೆಲ್ಲ ಯಂತ್ರದಲ್ಲಿ ಚೂರಿನ ನೀರು ತೆಗೆಯಲು ಆಲ್ಕೋಹಾಲ್, ಆಲ್ಕೋಹಾಲ್ ತೆಗೆಯಲು ಜೈಲೀನ್, ಕೊನೆಗೆ 60 ಡಿಗ್ರಿ ಬಿಸಿಯ ಮೇಣ. ಬೆಳಿಗ್ಗೆ ಬ್ಲಾಕ್ ಮಾಡಿ ಮೈಕ್ರೋಟೋಮಿಗೆ ಹಾಕಿ ತಿರುಗಿಸಿದರೆ 3-4 ಮೈಕ್ರಾನ್ ದಪ್ಪದ ಸೆಕ್ಷನ್ನು ರಿಬ್ಬನ್ನಾಗಿ ಹೊರಬರುತ್ತದೆ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ಬಿಸಿನೀರಿನ ಮೇಲೆ ತೇಲಿಬಿಟ್ಟು ಸ್ಲೈಡಿಗೆ ಎತ್ತಿಕೊಂಡು ಎರಡು ಬಣ್ಣ ಹಾಕುತ್ತೇವೆ. ಮಧ್ಯ ಅಮೆರಿಕದ ಒಂದು ಮರದ ಚೆಕ್ಕೆಯಿಂದ ಬರುವ ಹಿಮಟಾಕ್ಸಿಲಿನ್ ಜೀವಕೋಶಗಳ ನ್ಯೂಕ್ಲಿಯಸ್ಸನ್ನು ನೀಲಿ ಮಾಡುತ್ತದೆ, ಇಯೋಸಿನ್ ಉಳಿದದ್ದನ್ನು ಗುಲಾಬಿ ಮಾಡುತ್ತದೆ. ಆಗ ಅತ್ತೆಯ ಕಲ್ಲಿನ ಮೇಲೆ ಕಂಡದ್ದೇ ಮತ್ತೆ ಕಾಣುತ್ತದೆ, ಆದರೆ ಒಳಪದರ ಮೂರಾಗಿ ಬಿಡಿಸಿಕೊಂಡಿರುತ್ತದೆ: ಮೇಲೆ ಅನ್ನ ತಾಗುವ ಕೋಶಗಳ ಸಾಲು, ಅದರ ಕೆಳಗೆ ರಕ್ತನಾಳಗಳೂ ಕಾವಲು ಕೋಶಗಳೂ ಓಡಾಡುವ ಸಡಿಲ ಜಾಗವಾದ ಲ್ಯಾಮಿನಾ ಪ್ರೊಪ್ರಿಯಾ, ಅದರ ತಳದಲ್ಲಿ ಸ್ನಾಯುವಿನ ಒಂದು ತೆಳು ಗೆರೆ. ಆ ಗೆರೆಯೇ ಮಸ್ಕ್ಯುಲಾರಿಸ್ ಮ್ಯೂಕೋಸಾ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಮತ್ತೆ ಬರುತ್ತದೆ.

ಗಂಟಲಿನಿಂದ ಗುದದವರೆಗೆ ಹೊರಗಿನ ಪದರಗಳು ಹೆಚ್ಚುಕಡಿಮೆ ಒಂದೇ. ಒಳಗಿನ ಪೊರೆ ಮಾತ್ರ ಆಯಾ ಜಾಗದ ಕೆಲಸಕ್ಕೆ ತಕ್ಕಂತೆ ಬದಲಾಗುತ್ತದೆ. ಚೀಟಿ ಇಲ್ಲದ ಸ್ಲೈಡ್ ಕೊಟ್ಟರೂ ಪೊರೆ ನೋಡಿ ಎಲ್ಲಿಯದು ಎಂದು ಹೇಳಬಹುದು.

ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ದಾರಿ. ಇಲ್ಲಿ ಜೀರ್ಣವೂ ಇಲ್ಲ, ಹೀರುವುದೂ ಇಲ್ಲ. ಬಿಸಿ ಮುದ್ದೆ, ಖಾರದ ಸಾರು, ಮುಳ್ಳು, ಮೂಳೆ ಎಲ್ಲದರ ಉಜ್ಜಾಟ ತಾಳಬೇಕು. ಹಾಗಾಗಿ ಮೇಲ್ಪೊರೆಯಲ್ಲಿ ಚಪ್ಪಟೆ ಕೋಶಗಳು ಒಂದರ ಮೇಲೊಂದು ಹಲವು ಸಾಲು. ಮೇಲಿನದು ಸವೆದರೆ ಕೆಳಗಿನದು ಬರುತ್ತದೆ. ಸ್ನಾಯುವಿನಲ್ಲೂ ಒಂದು ವಿಶೇಷವಿದೆ. ಮೇಲಿನ ಭಾಗದಲ್ಲಿ ಕೈಕಾಲಿನ ಸ್ನಾಯುವಿನಂಥದೇ ಗೆರೆಗೆರೆ ಸ್ನಾಯು, ಕೆಳಗೆ ಬರುತ್ತಾ ನಮ್ಮ ಮಾತು ಕೇಳದ ನಯಸ್ನಾಯು. ಈ ನಾಳದ ಬಹುಭಾಗಕ್ಕೆ ಸಿರೋಸಾದ ಹೊದಿಕೆಯಿಲ್ಲ. ಅನ್ನನಾಳದ ಕ್ಯಾನ್ಸರ್ ಪಕ್ಕದ ಅಂಗಗಳಿಗೆ ಸುಲಭವಾಗಿ ಹಬ್ಬಲು ಅದೂ ಒಂದು ಕಾರಣ.

ಜಠರಕ್ಕೆ ಬಂದರೆ ಆ ಹಲವು ಸಾಲು ಒಮ್ಮೆಲೇ ಕಡಿದುಹೋಗಿ ಒಂದೇ ಸಾಲಿನ ಉದ್ದುದ್ದ ಕೋಶಗಳು ಶುರುವಾಗುತ್ತವೆ. ಎಂಡೋಸ್ಕೋಪಿಯಲ್ಲೂ ಈ ಗಡಿ ಬಿಳಿಚು ಗುಲಾಬಿ ಮತ್ತು ಕೆಂಪಿನ ನಡುವೆ ಅಂಕುಡೊಂಕಾಗಿ ಎದ್ದು ಕಾಣುತ್ತದೆ. ಜಠರದ ಮೇಲ್ಮೈ ತುಂಬ ಕುಳಿಗಳು, ಕುಳಿಗಳ ತಳದಿಂದ ಕೆಳಕ್ಕಿಳಿಯುವ ಗ್ರಂಥಿಗಳು. ಅದರಲ್ಲಿ ಗುಲಾಬಿ ಬಣ್ಣದ ದಪ್ಪ ಕೋಶಗಳು ಕಂಡರೆ ಅವು ಆಸಿಡ್ ಸುರಿಸುವ ಪರೈಟಲ್ ಕೋಶಗಳು. ನಮ್ಮ ಬೀದಿಯ ಅರ್ಧ ಜನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಪ್ಯಾಂಟೊಪ್ರಝೋಲ್ ಮಾತ್ರೆ ಬಾಯಿ ಹಾಕುವುದು ಈ ಕೋಶಗಳ ಪಂಪಿಗೇ. ಬಿ12 ವಿಟಮಿನ್ನನ್ನು ಮುಂದೆ ಕರುಳು ಹೀರಿಕೊಳ್ಳಲು ಬೇಕಾದ ವಸ್ತುವನ್ನೂ ಅವೇ ತಯಾರಿಸುತ್ತವೆ. ಪಕ್ಕದ ನೀಲಿ ಕೋಶಗಳದ್ದು ಪ್ರೋಟೀನು ಕತ್ತರಿಸುವ ಪೆಪ್ಸಿನ್‌ನ ಮೂಲವಸ್ತು. ಇಷ್ಟೆಲ್ಲ ಆಸಿಡ್ ನಡುವೆ ಜಠರ ತನ್ನನ್ನೇ ತಿನ್ನದಿರುವುದು ಮೇಲ್ಮೈಯ ಕೋಶಗಳು ಬಿಡುವ ಲೋಳೆಯಿಂದ. ಸ್ನಾಯುವೂ ಇಲ್ಲಿ ಎರಡರ ಜಾಗದಲ್ಲಿ ಮೂರು ಪದರ, ಕಡೆಯಲು.

ಬೀದಿಯಲ್ಲಿ ಹೊಟ್ಟೆಯ ಯಾವ ಉರಿಗೂ "ಗ್ಯಾಸ್ಟ್ರಿಕ್", ಯಾವ ನೋವಿಗೂ "ಅಲ್ಸರ್". ಲ್ಯಾಬಿನಲ್ಲಿ ಅಷ್ಟು ಧಾರಾಳವಿಲ್ಲ. ಪೊರೆ ಕಿತ್ತುಹೋಗಿದೆ, ಆದರೆ ಮಸ್ಕ್ಯುಲಾರಿಸ್ ಮ್ಯೂಕೋಸಾದ ಗೆರೆ ಉಳಿದಿದೆ ಎಂದರೆ ಅದು ಬರಿಯ ಎರೋಷನ್. ಕೆಲವು ದಿನಗಳಲ್ಲಿ ಗುರುತಿಲ್ಲದೆ ಮಾಯುತ್ತದೆ. ಗೆರೆ ದಾಟಿ ಸಬ್‌ಮ್ಯೂಕೋಸಾಕ್ಕೆ ಇಳಿದರೆ ಅಲ್ಸರ್. ಅಲ್ಲಿ ದೊಡ್ಡ ರಕ್ತನಾಳಗಳಿವೆ, ವಾಂತಿಯಲ್ಲಿ ರಕ್ತ ಬೀಳುವುದು ಆಗ, ಮಾಯಿದರೂ ಕಲೆ ಉಳಿಯುತ್ತದೆ. ಸ್ನಾಯುವನ್ನೂ ಸಿರೋಸಾವನ್ನೂ ಕೊರೆದರೆ ತೂತು, ಅದೇ ದಿನ ಆಪರೇಷನ್. ಕಾಯಿಲೆ ಒಂದೇ, ಆಳ ಮೂರು.

ಈ ಅಲ್ಸರ್‌ಗೆ ಖಾರವನ್ನೂ ಚಿಂತೆಯನ್ನೂ ಬೈಯುತ್ತಿದ್ದ ಕಾಲದಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಎಂಬ ಪೆಥಾಲಜಿಸ್ಟ್ ಜಠರದ ಸ್ಲೈಡುಗಳಲ್ಲಿ ಲೋಳೆಯ ಕೆಳಗೆ ಬಾಗಿದ ಬ್ಯಾಕ್ಟೀರಿಯಾ ಕಂಡರು. ಅದು 1979. ಆಸಿಡ್‌ನಲ್ಲಿ ಯಾವ ಜೀವಿ ಬದುಕೀತು ಎಂದು ಯಾರೂ ಒಪ್ಪಲಿಲ್ಲ. ಬ್ಯಾರಿ ಮಾರ್ಷಲ್ ಜೊತೆಯಾಗಿ 1982ರಲ್ಲಿ ಅದನ್ನು ಬೆಳೆಸಿದರು. ಮಾರ್ಷಲ್ ತಾವೇ ಅದನ್ನು ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್. ನಾನು ಮೆಚ್ಚುವುದು ವಾರೆನ್ನರನ್ನೇ. ಆ ಬ್ಯಾಕ್ಟೀರಿಯಾ ಅವರಿಗಿಂತ ಮೊದಲೂ ಎಷ್ಟೋ ಕಣ್ಣುಗಳ ಮುಂದೆ ಹಾದುಹೋಗಿತ್ತು. ಇವರು ಬೆಳ್ಳಿಯ ಬಣ್ಣ ಹಾಕಿಸಿ ಅದನ್ನು ಕಪ್ಪಾಗಿ ಎದ್ದು ಕಾಣುವಂತೆ ಮಾಡಿದರು. ಎಚ್. ಪೈಲೋರಿ ಎಂದು ಈಗ ಕರೆಯುವ ಈ ಬ್ಯಾಕ್ಟೀರಿಯಾಕ್ಕೆ ನಾವು ಹಾಕುತ್ತಿದ್ದುದು ಜೀಮ್ಸಾ ಬಣ್ಣ, ಅಗ್ಗದ್ದು.

ಎಚ್. ಪೈಲೋರಿ ಜಠರದ ಕ್ಯಾನ್ಸರಿಗೂ ದೊಡ್ಡ ಕಾರಣ. ಬೆಂಗಳೂರಿಗೆ ಇದು ದೂರದ ಸುದ್ದಿಯಲ್ಲ. 1973ರಲ್ಲಿ ಶುರುವಾದ ಕಿದ್ವಾಯಿ ಆಸ್ಪತ್ರೆ 1982ರಿಂದ ನಗರದ ಕ್ಯಾನ್ಸರ್ ರೋಗಿಗಳ ನೋಂದಣಿ ಇಟ್ಟಿದೆ; ಗಂಡಸರ ಪಟ್ಟಿಯಲ್ಲಿ ಜಠರ ಮೊದಲಿನಿಂದಲೂ ಮುಂದಿನ ಸಾಲಿನಲ್ಲೇ ಇದೆ. ಗಡ್ಡೆ ಲೋಳೆಪೊರೆಯಲ್ಲೋ ಸಬ್‌ಮ್ಯೂಕೋಸಾದಲ್ಲೋ ಇರುವಾಗಲೇ ಸಿಕ್ಕಿ ತೆಗೆದರೆ ಐದು ವರ್ಷ ದಾಟುವವರು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು. ಪೊರೆಯಲ್ಲೇ ನಿಂತ ಕೆಲವನ್ನು ಎಂಡೋಸ್ಕೋಪಿಯಿಂದಲೇ ಕೆತ್ತಿ ತೆಗೆಯುವ ಕೈಚಳಕವನ್ನು ಜಪಾನಿನವರು ಬೆಳೆಸಿದ್ದಾರೆ. ಸಿರೋಸಾ ದಾಟಿದ ಮೇಲೆ ಕೋಶಗಳು ಹೊಟ್ಟೆಯೊಳಗೆಲ್ಲ ಉದುರುತ್ತವೆ. ರಿಪೋರ್ಟಿನಲ್ಲಿ ಟಿ1, ಟಿ2, ಟಿ3, ಟಿ4 ಎಂದು ಬರೆಯುವುದು ಬೇರೇನಲ್ಲ, ಇಳಿದ ಪದರದ ಲೆಕ್ಕ. ನಮ್ಮ ಕಡೆಯ ತೊಂದರೆಯೆಂದರೆ ಜನ ಎಂಡೋಸ್ಕೋಪಿಗೆ ಹೆದರಿ ಮೆಡಿಕಲ್ ಸ್ಟೋರಿನ ಸಿರಪ್ಪಿನಲ್ಲೇ ತಿಂಗಳುಗಟ್ಟಲೆ ದೂಡುತ್ತಾರೆ. ಊಟ ಸೇರದೆ, ತೂಕ ಇಳಿದು ಬರುವ ಹೊತ್ತಿಗೆ ಟಿ3.

ಸಣ್ಣಕರುಳೇ ನನಗೆ ಇಷ್ಟದ ಸ್ಲೈಡು. ಅದರ ಮೊದಲ ಭಾಗವಾದ ಡುವೋಡಿನಂನಿಂದ ತೆಗೆದ ಚೂರು ನೆಟ್ಟಗೆ ಕೂತಿದ್ದರೆ, ಅರ್ಧದಿಂದ ಒಂದು ಮಿಲಿಮೀಟರ್ ಎತ್ತರದ, ಬೆರಳಿನಂಥ ವಿಲ್ಲೈಗಳು ಸಾಲಾಗಿ ಎದ್ದು ನಿಂತಿರುತ್ತವೆ. ಪ್ರತಿ ವಿಲ್ಲಸ್ಸಿನ ಮೇಲಿನ ಪ್ರತಿ ಕೋಶದ ನೆತ್ತಿಯಲ್ಲಿ ಇನ್ನೂ ಸಣ್ಣ ಸಾವಿರಾರು ಚಾಚುಗಳು. ಹೀರುವ ಜಾಗ ಹೆಚ್ಚಿಸುವ ಉಪಾಯ ಇದು. ಇದನ್ನೆಲ್ಲ ಬಿಡಿಸಿ ಹಾಸಿದರೆ ಟೆನಿಸ್ ಅಂಗಳದಷ್ಟಾಗುತ್ತದೆ ಎಂದು ಪಠ್ಯಪುಸ್ತಕಗಳು ಬಹುಕಾಲ ಹೇಳಿದವು. 2014ರಲ್ಲಿ ಸ್ವೀಡನ್ನಿನ ಇಬ್ಬರು, ಹೆಲಾಂಡರ್ ಮತ್ತು ಫಾಂಡ್ರಿಕ್ಸ್, ಹೊಸದಾಗಿ ಅಳೆದು ಇಡೀ ಅನ್ನಮಾರ್ಗದ ಮೇಲ್ಮೈ ಸುಮಾರು 32 ಚದರ ಮೀಟರ್ ಎಂದರು. ನಮ್ಮ ಬೆಂಗಳೂರಿನ ಲೆಕ್ಕಕ್ಕೆ ಇಳಿಸಿದರೆ 20×30 ಅಡಿಯ ಸೈಟಿನ ಅರ್ಧಕ್ಕಿಂತ ತುಸು ಹೆಚ್ಚು. ಟೆನಿಸ್ ಅಂಗಳ ಹೋಯಿತೆಂದು ಬೇಸರವೇನೂ ಬೇಡ. ಹೊಸಕೆರೆಹಳ್ಳಿಯಲ್ಲಿ ಇವತ್ತು ಅಷ್ಟು ಜಾಗ ಕೊಳ್ಳುವುದು ಯಾರ ಕೈಲಾಗುತ್ತದೆ!

ಈ ಪೊರೆ ಮೂರರಿಂದ ಐದು ದಿನಕ್ಕೊಮ್ಮೆ ಪೂರ್ತಿ ಹೊಸದಾಗುತ್ತದೆ. ವಿಲ್ಲೈಗಳ ಬುಡದ ಕುಳಿಗಳಲ್ಲಿ ಕೋಶಗಳು ಹುಟ್ಟಿ, ಮೇಲೇರುತ್ತಾ ಕೆಲಸ ಮಾಡಿ, ತುದಿ ತಲುಪಿ ಉದುರುತ್ತವೆ. ಕೀಮೋಥೆರಪಿ ತೆಗೆದುಕೊಳ್ಳುವವರಿಗೆ ಭೇದಿ ಹಿಡಿಯುವುದು ಇದಕ್ಕೇ. ಬೇಗ ಬೇಗ ಹುಟ್ಟುವ ಕೋಶಗಳನ್ನು ಕೊಲ್ಲುವ ಮದ್ದು ಕ್ಯಾನ್ಸರ್ ಯಾವುದು, ಕರುಳಿನ ಬುಡ ಯಾವುದು ಎಂದು ಬೇರೆ ಮಾಡಿ ನೋಡುವುದಿಲ್ಲ. ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯಲ್ಲಿ ವಿಲ್ಲೈಗಳು ಮೊಂಡಾಗಿ ನೆಲ ಸಮವಾಗುತ್ತವೆ, ತಿಂದದ್ದು ಮೈಗೆ ಹತ್ತುವುದಿಲ್ಲ. ಗೋಧಿಯ ನಾಡಾದ ಉತ್ತರದಲ್ಲಿ ಅದು ಹೆಚ್ಚು, ನಮ್ಮಲ್ಲಿ ಅಪರೂಪ. ರಾಗಿಯಲ್ಲಿ ಗ್ಲುಟೆನ್ ಇಲ್ಲ.

ಸಣ್ಣಕರುಳಿನ ಕೊನೆಯ ಭಾಗದಲ್ಲಿ, ಇಲಿಯಂನಲ್ಲಿ, ಪೊರೆಯ ಕೆಳಗೆ ಬಿಳಿ ರಕ್ತಕಣಗಳ ದಟ್ಟ ನೀಲಿ ಗುಂಪುಗಳು ಕಾಣುತ್ತವೆ. 1677ರಲ್ಲಿ ಸ್ವಿಟ್ಜರ್ಲೆಂಡಿನ ಪೇಯರ್ ಇವುಗಳನ್ನು ವಿವರಿಸಿ ಬರೆದ ಕಾರಣ ಅವರದೇ ಹೆಸರು. ಊಟದ ಜೊತೆ ಬರುವ ರೋಗಾಣುಗಳ ತಪಾಸಣಾ ಠಾಣೆಗಳು. ಟೈಫಾಯ್ಡ್ ಬ್ಯಾಕ್ಟೀರಿಯಾ ಮಾಡುವ ಕುತಂತ್ರವೆಂದರೆ ಈ ಠಾಣೆಯೊಳಕ್ಕೇ ನುಗ್ಗುವುದು. ಪೇಯರ್ ಗುಂಪುಗಳು ಕರುಳಿನ ಉದ್ದಕ್ಕೆ ಮಲಗಿರುವುದರಿಂದ ಟೈಫಾಯ್ಡ್ ಹುಣ್ಣೂ ಉದ್ದಕ್ಕೇ ಏಳುತ್ತದೆ. ಚಿಕಿತ್ಸೆ ಸಿಗದಿದ್ದರೆ ಮೂರನೆಯ ವಾರದ ಹೊತ್ತಿಗೆ ಪದರಗಳನ್ನೆಲ್ಲ ಕೊರೆದು ತೂತು ಬೀಳುವ ಅಪಾಯ. ಕ್ಷಯ ಇದಕ್ಕೆ ತದ್ವಿರುದ್ಧ. ಕರುಳನ್ನು ಸುತ್ತುವರಿದ ದುಗ್ಧನಾಳಗಳ ದಾರಿ ಹಿಡಿಯುವುದರಿಂದ ಅದರ ಹುಣ್ಣು ಅಡ್ಡಕ್ಕೆ, ಬಳೆಯಾಕಾರಕ್ಕೆ ಬೆಳೆಯುತ್ತದೆ; ತೂತು ಬೀಳುವುದಕ್ಕಿಂತ ಹೆಚ್ಚಾಗಿ, ಮಾಯುವಾಗ ಕರುಳನ್ನು ಬಿಗಿದು ದಾರಿ ಕಟ್ಟುತ್ತದೆ. ಆಪರೇಷನ್ ಆಗಿ ಬಂದ ಕರುಳನ್ನು ಕತ್ತರಿಸುವ ಮೇಜಿನ ಮೇಲೆ ತೆರೆದಿಟ್ಟು, ಹುಣ್ಣು ಉದ್ದವೋ ಅಡ್ಡವೋ ಎಂದು ನೋಡಿಯೇ ಹಿರಿಯ ಪೆಥಾಲಜಿಸ್ಟರು ಅರ್ಧ ಉತ್ತರ ಹೇಳಿಬಿಡುತ್ತಿದ್ದರು.

ಅಪೆಂಡಿಕ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲ್ಯಾಬಿನಲ್ಲಿ ದಿನವೂ ಬರುವ ಅತಿಥಿ. ಅದರಲ್ಲೂ ಅದೇ ನಾಲ್ಕು ಪದರ. ಕೀವುಕಣಗಳು ಸ್ನಾಯುವಿನವರೆಗೆ ಬಂದಿದ್ದರೇ ಅಪೆಂಡಿಸೈಟಿಸ್ ಎಂದು ಖಚಿತವಾಗಿ ಬರೆಯುತ್ತಾರೆ.

ದೊಡ್ಡಕರುಳಿನಲ್ಲಿ ವಿಲ್ಲೈ ಇಲ್ಲ. ಇಲ್ಲಿ ಉಳಿದಿರುವ ಕೆಲಸ ನೀರು ಹೀರುವುದು, ಗಟ್ಟಿಯಾಗುತ್ತಿರುವುದನ್ನು ಲೋಳೆ ಹಚ್ಚಿ ಜಾರಿಸುವುದು. ಆದ್ದರಿಂದ ನೆಟ್ಟನೆಯ ಕುಳಿಗಳು, ಅವುಗಳ ತುಂಬ ಲೋಳೆ ತುಂಬಿಕೊಂಡ ಕೋಶಗಳು. ಪೊರೆಯಿಂದ ಒಳಕ್ಕೆ ಚಾಚುವ ಪಾಲಿಪ್ ಎಂಬ ಗಂಟು ಏಳುವುದು ಇಲ್ಲಿ. ಇಲ್ಲೊಂದು ಸ್ವಾರಸ್ಯವಿದೆ. ದೊಡ್ಡಕರುಳಿನಲ್ಲಿ ಕೋಶಗಳು ಎಷ್ಟೇ ಕೆಟ್ಟಿರಲಿ, ಮಸ್ಕ್ಯುಲಾರಿಸ್ ಮ್ಯೂಕೋಸಾದ ಆ ತೆಳು ಗೆರೆ ದಾಟದಿದ್ದರೆ ಹಬ್ಬುವ ಕ್ಯಾನ್ಸರೆಂದು ಎಣಿಸುವುದಿಲ್ಲ. ಗೆರೆಯ ಮೇಲೆ ದುಗ್ಧನಾಳಗಳು ತೀರಾ ಕಡಿಮೆ, ಹೊರಗೆ ಹೋಗಲು ದಾರಿಯಿಲ್ಲ. ಪಾಲಿಪ್ಪನ್ನು ಬುಡಸಮೇತ ತೆಗೆದರೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯಿತು. "ಹೈ ಗ್ರೇಡ್" ಎಂಬ ಪದ ಓದಿ ನಮ್ಮ ಜಗಲಿಯಲ್ಲಿ ಕಣ್ಣೀರು ಹಾಕಿದವರಿಗೆ ನಾನು ತೋರಿಸುವುದು ಅದರ ಮುಂದಿನ ಸಾಲನ್ನು. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಪೆಥಾಲಜಿಸ್ಟ್ ಕತ್ಬರ್ಟ್ ಡ್ಯೂಕ್ಸ್ ಗುದನಾಳದ ಕ್ಯಾನ್ಸರನ್ನು ಇಳಿದ ಆಳ ನೋಡಿ ಎ, ಬಿ, ಸಿ ಎಂದು ವಿಂಗಡಿಸಿದ್ದು 1932ರಲ್ಲಿ. ಗೋಡೆಯೊಳಗೇ ಇದ್ದರೆ ಎ, ಗೋಡೆ ದಾಟಿದರೆ ಬಿ, ದುಗ್ಧಗ್ರಂಥಿ ಮುಟ್ಟಿದರೆ ಸಿ. ಸ್ಕ್ಯಾನು ಬಂದಿದೆ, ಜೀನ್ ಪರೀಕ್ಷೆ ಬಂದಿದೆ, ಆದರೂ ಆ ವಿಂಗಡಣೆಯ ತಿರುಳು ಬದಲಾಗಿಲ್ಲ.

ಇಡೀ ನಾಳದ ಕೊನೆಯಲ್ಲಿ, ಗುದದ್ವಾರದ ಒಳಗೆ ಸ್ವಲ್ಪ ಮೇಲೆ, ಹಲ್ಲುಹಲ್ಲಾದ ಒಂದು ಗೆರೆಯಿದೆ. ಡೆಂಟೇಟ್ ಲೈನ್ ಅನ್ನುತ್ತಾರೆ. ಅದರ ಮೇಲೆ ಕರುಳಿನ ಪೊರೆ, ಕೆಳಗೆ ಹೋಗುತ್ತಾ ಚರ್ಮದಂಥ ಪೊರೆ. ಗೆರೆಯ ಮೇಲೆ ಚುಚ್ಚಿದರೂ ಕತ್ತರಿಸಿದರೂ ನೋವಿಲ್ಲ. ಕೆಳಗೆ ಒಂದು ಸಣ್ಣ ಸೀಳು ಬಿಟ್ಟರೂ ಪ್ರಾಣ ಹೋಗುವ ಉರಿ. ಒಳಮೂಲವ್ಯಾಧಿ ನೋವಿಲ್ಲದೆ ರಕ್ತ ಸುರಿಸುವುದಕ್ಕೂ ಫಿಷರ್ ಆದವರು ಕೂರಲಾರದೆ ಒದ್ದಾಡುವುದಕ್ಕೂ ಕಾರಣ ಈ ಗಡಿ. ಪೈಲ್ಸ್ ವಾಸಿ ಮಾಡುತ್ತೇವೆಂದು ಕಂಬಕಂಬಕ್ಕೂ ಬೋರ್ಡು ತಗುಲಿಸುವವರು ಇದನ್ನು ಹೇಳುವುದಿಲ್ಲ. ನೋವಿಲ್ಲವೆಂದು ರಕ್ತವನ್ನು ಅಸಡ್ಡೆ ಮಾಡಿದವರಲ್ಲಿ ಕೆಲವರಿಗೆ ಇದ್ದದ್ದು ಪೈಲ್ಸ್ ಅಲ್ಲ, ಮೇಲಿನ ಗಡ್ಡೆ.

ಹಸುಗೂಸುಗಳಿಗೆ ಅರಿವಳಿಕೆಯಿಲ್ಲದೆ ಗುದನಾಳದ ಬಯಾಪ್ಸಿ ತೆಗೆಯಲು ಸಾಧ್ಯವಾಗುವುದೂ ಆ ಗೆರೆಯಿಂದಲೇ. ಹುಟ್ಟಿದ ಮಗು ಒಂದೆರಡು ದಿನದೊಳಗೆ ಮೊದಲ ಕಪ್ಪು ಮಲ ಮಾಡಬೇಕು. ಮಾಡದೆ ಹೊಟ್ಟೆ ಉಬ್ಬಿ ಹಸಿರು ವಾಂತಿಯಾದರೆ ಮಕ್ಕಳ ಸರ್ಜನ್ನರಿಗೆ ಮೊದಲು ನೆನಪಾಗುವ ಕಾಯಿಲೆಗಳಲ್ಲಿ ಹಿರ್ಷ್‌ಸ್ಪ್ರುಂಗ್ ಒಂದು. ಸುಮಾರು 5,000 ಮಕ್ಕಳಿಗೆ ಒಂದಕ್ಕೆ ಬರುತ್ತದೆ, ಗಂಡುಮಕ್ಕಳಿಗೇ ಹೆಚ್ಚು. ಇದು ಹುಣ್ಣಲ್ಲ, ಗಡ್ಡೆಯಲ್ಲ. ಇರಬೇಕಾದ ಒಂದು ಕೋಶ ಇಲ್ಲದಿರುವುದು.

ಅನ್ನಮಾರ್ಗದ ಗೋಡೆಯೊಳಗೆ ತನ್ನದೇ ನರಜಾಲವಿದೆ, ಹತ್ತು ಕೋಟಿಗೂ ಹೆಚ್ಚು ನರಕೋಶ. ಒಂದು ಜಾಲ ಸಬ್‌ಮ್ಯೂಕೋಸಾದಲ್ಲಿ, ಮೈಸ್ನರ್ ಕಂಡದ್ದು. ಇನ್ನೊಂದು ಸ್ನಾಯುವಿನ ಎರಡು ಪದರಗಳ ನಡುವೆ, ಔವರ್‌ಬಾಕ್ ಕಂಡದ್ದು. ಒಳಗಿನ ಸ್ನಾಯು ಸುತ್ತಲಿಗೆ, ಹೊರಗಿನದು ಉದ್ದಕ್ಕೆ. ಹಿಂದೆ ಬಿಗಿದು ಮುಂದೆ ಸಡಿಲಿಸುವ ತಾಳ ಹಾಕುವುದು ಈ ನರಗಳು. ಗರ್ಭದಲ್ಲಿ ಐದನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಅವು ಗಂಟಲ ಕಡೆಯಿಂದ ಗುದದ ಕಡೆಗೆ ನಡೆದುಕೊಂಡು ಬರುತ್ತವೆ. ಕೆಲವು ಮಕ್ಕಳಲ್ಲಿ ದಾರಿ ಮುಗಿಯುವ ಮೊದಲೇ ನಿಂತುಬಿಡುತ್ತವೆ. ನರಕೋಶ ತಲುಪದ ಆ ಕೆಳಭಾಗ ಸಡಿಲವಾಗಲು ಗೊತ್ತಿಲ್ಲದೆ ಬಿಗಿದುಕೊಂಡೇ ಇರುತ್ತದೆ. ಅದರ ಮೇಲಿನ ಭಾಗ ತುಂಬಿ ತುಂಬಿ ಹಿಗ್ಗುತ್ತದೆ. 1886ರಲ್ಲಿ ಕೋಪನ್‌ಹೇಗನ್ನಿನ ಮಕ್ಕಳ ವೈದ್ಯ ಹರಾಲ್ಡ್ ಹಿರ್ಷ್‌ಸ್ಪ್ರುಂಗ್ ಇದನ್ನು ವಿವರಿಸಿದಾಗ ಎಲ್ಲರ ಕಣ್ಣು ಬಿದ್ದದ್ದು ಹಿಗ್ಗಿದ ಭಾಗದ ಮೇಲೆ. ಅದನ್ನೇ ಕಾಯಿಲೆಯೆಂದುಕೊಂಡು ಸರ್ಜನ್ನರು ಬಹುಕಾಲ ನರವಿದ್ದ ಕರುಳನ್ನು ಕತ್ತರಿಸಿ ನರವಿಲ್ಲದ್ದನ್ನು ಉಳಿಸಿದರು. ಕೆಳಗಿನ ಬಿಗಿದ ತುಂಡನ್ನು ತೆಗೆದು ಮೇಲಿನದನ್ನು ಎಳೆದು ತಂದು ಜೋಡಿಸುವ ಆಪರೇಷನ್ನನ್ನು ಓರ್ವಾರ್ ಸ್ವೆನ್ಸನ್ ಪ್ರಕಟಿಸಿದ್ದು 1948ರಲ್ಲಿ.

ಈ ಕಾಯಿಲೆಗೆ ತೆಗೆಯುವ ಗುದನಾಳದ ಬಯಾಪ್ಸಿಯಷ್ಟು ಕೈ ನಡುಗಿಸುವುದು ಲ್ಯಾಬಿನಲ್ಲಿ ಬೇರೊಂದಿಲ್ಲ. ಇದೆ ಎಂದು ಹೇಳಲು ಒಂದು ನರಕೋಶ ಸಾಕು. ಇಲ್ಲ ಎಂದು ಹೇಳಲು ಬ್ಲಾಕಿನ ಉದ್ದಕ್ಕೂ ಡಜನ್‌ಗಟ್ಟಲೆ ಸೆಕ್ಷನ್ ತೆಗೆದು ಒಂದೊಂದನ್ನೂ ನೋಡಬೇಕು. ಚೂರಿನಲ್ಲಿ ಸಬ್‌ಮ್ಯೂಕೋಸಾ ಸಾಕಷ್ಟು ಬಂದಿರಬೇಕು. ಬರಿಯ ಪೊರೆ ಬಂದಿದ್ದರೆ ಎಷ್ಟು ಕತ್ತರಿಸಿದರೂ ವ್ಯರ್ಥ. ಡೆಂಟೇಟ್ ಗೆರೆಗೆ ತೀರಾ ಹತ್ತಿರದಿಂದ ತೆಗೆದಿದ್ದರೂ ಉಪಯೋಗವಿಲ್ಲ, ಅಲ್ಲಿ ಆರೋಗ್ಯವಂತ ಮಕ್ಕಳಲ್ಲೂ ನರಕೋಶ ವಿರಳ. ಈಗ ಕ್ಯಾಲ್ರೆಟಿನಿನ್ ಎಂಬ ವಿಶೇಷ ಬಣ್ಣ ಸಹಾಯಕ್ಕಿದೆ. ನಾನು ಸೇರಿದ ಹೊಸತರಲ್ಲಿ ನೀಲಿ-ಗುಲಾಬಿಯೊಂದೇ ಗತಿ.

ಆಪರೇಷನ್ ದಿನ ಚೂರುಗಳು ಥಿಯೇಟರಿನಿಂದ ನೇರ ಬರುತ್ತವೆ, ಫಾರ್ಮಲಿನ್ ಇಲ್ಲದೆ, ಹಸಿಯಾಗಿ. ಸೊನ್ನೆಗಿಂತ 20 ಡಿಗ್ರಿ ಕೆಳಗಿರುವ ಕ್ರಯೋಸ್ಟಾಟ್‌ನಲ್ಲಿ ಹೆಪ್ಪುಗಟ್ಟಿಸಿ, ಕತ್ತರಿಸಿ, ಬಣ್ಣ ಹಾಕಿ ಕೆಲವೇ ನಿಮಿಷಗಳಲ್ಲಿ ಪೆಥಾಲಜಿಸ್ಟ್ ಮುಂದಿಡಬೇಕು. ಮಗು ಮೇಜಿನ ಮೇಲೆ ಮಲಗಿರುತ್ತದೆ, ಸರ್ಜನ್ ಕೈ ಕಟ್ಟಿ ಕಾಯುತ್ತಿರುತ್ತಾರೆ. ಇಲ್ಲ ಎಂದರೆ ಇನ್ನೂ ಮೇಲಿನಿಂದ ಒಂದು ಚೂರು ಬರುತ್ತದೆ, ಅದಕ್ಕೂ ಇಲ್ಲವೆಂದರೆ ಮತ್ತೊಂದು. ಸ್ನಾಯುವಿನ ಎರಡು ಪದರಗಳ ನಡುವೆ ದೊಡ್ಡ ನ್ಯೂಕ್ಲಿಯಸ್ಸಿನ, ತುಂಬಿಕೊಂಡ ಆ ಕೋಶಗಳು ಚೆನ್ನಾಗಿ ಕಂಡಮೇಲೆ ಪೆಥಾಲಜಿಸ್ಟ್ ಫೋನೆತ್ತಿ ಥಿಯೇಟರಿಗೆ ಹೇಳುತ್ತಾರೆ. ಕರುಳನ್ನು ಅಲ್ಲಿಂದ ಜೋಡಿಸುತ್ತಾರೆ. ಉಳಿದ ಚೂರುಗಳನ್ನು ನಾವು ಫಾರ್ಮಲಿನ್‌ಗೆ ಹಾಕಿ, ಮರುದಿನ ಮೇಣದಲ್ಲಿ ನೆಟ್ಟಗೆ ನಿಲ್ಲಿಸಿ, ಮತ್ತೆ ಕತ್ತರಿಸಿ ಕೊಡುತ್ತೇವೆ, ಅವಸರದಲ್ಲಿ ಹೇಳಿದ್ದು ಸರಿಯೇ ಎಂದು ಅವರು ನಿಧಾನವಾಗಿ ನೋಡಲು.